ಗಿಟಾರನ್ನ ಕೆಳಗಿನ ಸಿ-ಗೆ ಇಳಿಸೋದು: ಸಿ-ಜಿ-ಡಿ-ಎ-ಇ-ಜಿ ಟ್ಯೂನಿಂಗ್ ಯಾರಾದ್ರೂ ದಿನಾ ನುಡಿಸ್ತೀರಾ?

ಮಲೆನಾಡ್_ಆರುತಂತಿ:
ಹನ್ನೆರಡು ವರ್ಷದಿಂದ ಅಕೌಸ್ಟಿಕ್ ಗಿಟಾರ್ ನುಡಿಸ್ತಿದೀನಿ. ಮಾಮೂಲಿ ಇ-ಎ-ಡಿ-ಜಿ-ಬಿ-ಇ (ದಪ್ಪ ಆರನೇ ತಂತಿಯಿಂದ ತೆಳು ಒಂದನೇದರ ತನಕ) ಬಿಟ್ಟು ಆಚೆ ಹೋಗಿದ್ದು ಕಮ್ಮಿ, ಬಹಳ ಅಂದ್ರೆ ಡ್ರಾಪ್ ಡಿ (ಆರನೇದನ್ನ ಮಾತ್ರ ಡಿ-ಗೆ ಇಳಿಸೋದು). ಈಗ ಹೋಗಲೇಬೇಕಾದ ಕಾರಣ ಬಂದಿದೆ.

ನಮ್ಮಪ್ಪ ದೇವರನಾಮ ಹಾಡ್ತಾರೆ. ಮೊದಲೆಲ್ಲ ಎರಡು ಮನೆ ಶ್ರುತಿಯಲ್ಲಿ ಸಲೀಸಾಗಿ ಹಾಡ್ತಿದ್ರು. ಈಗ ವಯಸ್ಸು ಎಪ್ಪತ್ತರ ಹತ್ರ, ದನಿ ಒಂದು ಮನೆಗೆ ಇಳಿದಿದೆ. ಸಂಜೆ ದೀಪ ಹಚ್ಚಿದ ಮೇಲೆ ಅವರು ಹಾಡ್ತಾರೆ, ನಾನು ಪಕ್ಕದಲ್ಲಿ ಕೂತು ನುಡಿಸ್ತೀನಿ. ಒಂದು ಮನೆ ಅಂದ್ರೆ ಷಡ್ಜ ಸಿ. ಗಿಟಾರ್‌ನಲ್ಲಿ ಅಪ್ಪನ ಆ ಸಿ ಇರೋದು ಐದನೇ ತಂತಿಯ ಮೂರನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ). ಅದಕ್ಕಿಂತ ಕೆಳಗೆ ಪಂಚಮ ಸಿಗುತ್ತೆ, ಮಧ್ಯಮ ಸಿಗುತ್ತೆ, ಗಾಂಧಾರಕ್ಕೆ ಬರೋಷ್ಟರಲ್ಲಿ ಗಿಟಾರೇ ಮುಗಿದುಹೋಗುತ್ತೆ. ತಂಬೂರಿಯಲ್ಲಿ ಕೊನೇಗೆ ಒಂದು ಮಂದ್ರ ಷಡ್ಜ ಬರುತ್ತಲ್ಲ, ಹಾಡೋರ ಬೆನ್ನಿಗೆ ಕೈ ಕೊಟ್ಟ ಹಾಗೆ, ಅದು ನನ್ನ ಹತ್ರ ಇಲ್ಲ.

ಹುಡುಕುವಾಗ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರ ಟ್ಯೂನಿಂಗ್ ಸಿಕ್ತು: ಕೆಳಗಿಂದ ಸಿ-ಜಿ-ಡಿ-ಎ-ಇ-ಜಿ. ಭಾನುವಾರ ಪ್ರಯತ್ನ ಪಟ್ಟೆ. ಒಂದನೇ ತಂತಿ ಜಿ ಮುಟ್ಟೋಕೆ ಮುಂಚೆನೇ ತುಂಡಾಯ್ತು. ಎರಡನೇದು ಇ-ಗೆ ಏರಿಸಿದ್ಮೇಲೆ ಕಬ್ಬಿಣದ ಸರಳಿನ ಥರ, ಬೆರಳು ಒತ್ತೋಕಾಗಲ್ಲ. ಆರನೇದು ಉಲ್ಟಾ, ಒಣಗಿಸೋ ಹಗ್ಗದ ಹಾಗೆ ಜೋಲಾಡ್ತಾ ಫ್ರೆಟ್ಟಿಗೆಲ್ಲ ಬಡಿಯುತ್ತೆ. ಯಾರಾದ್ರೂ ಇದನ್ನ ದಿನಾ ಬಳಸೋರು ಇದೀರಾ?

ನಟ್_ಫೈಲ್:
ಈಗ ಇರೋ ತಂತಿ ಯಾವ ಗೇಜು (ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ)? ಹನ್ನೆರಡರ ಸೆಟ್ಟಾ?

ಮಲೆನಾಡ್_ಆರುತಂತಿ:
ಹೌದು ಸಾರ್, 12ರಿಂದ 53. ಹಾಕಿ ಮೂರು ತಿಂಗಳಾಗಿದೆ.

ಡಬಲ್‌ಕಿಕ್:
ಗುರು, ಇಷ್ಟೆಲ್ಲ ಯಾಕೆ. ಡ್ರಾಪ್ ಸಿ ಮಾಡು. ಸಿ-ಜಿ-ಸಿ-ಎಫ್-ಎ-ಡಿ. ಕೆಳಗಿನ ಸಿ ಬಂತಲ್ಲ, ಯಾವ ತಂತೀನೂ ಬಿಗಿ ಮಾಡೋದೇ ಬೇಡ. ಬೆಂಗಳೂರಲ್ಲಿ ಮೆಟಲ್ ನುಡಿಸೋ ಅರ್ಧ ಜನ ಅಲ್ಲೇ ಇದಾರೆ.

ನಾಲ್ಕುತಂತಿ:
ಅವರು ಅಪ್ಪನ ದೇವರನಾಮಕ್ಕೆ ಕೇಳ್ತಿರೋದು. ಒಂದು ಮನೆ ಶ್ರುತಿಗೆ ಎಫ್, ಎ, ಡಿ ಅಂದ್ರೆ ಮಧ್ಯಮ, ದೈವತ, ರಿಷಭ ಖಾಲಿ ತಂತಿಯಲ್ಲಿ ಮೊಳಗ್ತಾ ಇರುತ್ತೆ. ಹಾಡೋರ ಕಿವಿಗೆ ಹಿಂಸೆ.

ನಟ್_ಫೈಲ್:
ಮೊದಲು ಆರನೇ ತಂತಿ ವಿಷಯ. ಇ-ಯಿಂದ ಸಿ-ಗೆ ನಾಲ್ಕು ಅರ್ಧಸ್ವರ ಇಳಿಸಿದ್ರಿ. 82 ಹರ್ಟ್ಜ್‌ನಿಂದ 65ಕ್ಕೆ. ತಂತಿಯ ಬಿಗಿ ಕಂಪನಸಂಖ್ಯೆಯ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಹಾಗಾಗಿ ಸುಮಾರು 37 ಪರ್ಸೆಂಟ್ ಬಿಗಿ ಹೋಯ್ತು. ಅದಕ್ಕೇ ಜೋಲಾಡೋದು. 53 ತೆಗೆದು 56 ಅಥವಾ 58 ಹಾಕಿ. ಮೊದಲಿನ ಬಿಗಿ ಪೂರ್ತಿ ಬರಲ್ಲ, 58ರಲ್ಲಿ ಅದರ ಮುಕ್ಕಾಲು ಭಾಗ ಇರುತ್ತೆ. ಕೆಳಗಿನ ತಂತಿಗೆ ಅಷ್ಟು ಸಾಕು, ಸ್ವಲ್ಪ ಸಡಿಲ ಇದ್ರೇನೇ ಚೆಂದ.

ಆದ್ರೆ ಅಂಗಡಿಯಿಂದ 58 ತಂದು ಹಾಗೇ ತುರುಕಬೇಡಿ. ನಿಮ್ಮ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ಗಾಡಿ, ಅಂದ್ರೆ ಸೀಳು, 53ಕ್ಕೆ ಕೊರೆದಿರೋದು. ದಪ್ಪ ತಂತಿ ಅದರೊಳಗೆ ಕೂರದೆ ಮೇಲೇ ನಿಲ್ಲುತ್ತೆ, ಇಲ್ಲ ಸಿಕ್ಕಿಹಾಕಿಕೊಳ್ಳುತ್ತೆ. ತಂತಿ ಬಿಗಿ ಮಾಡೋ ಕಿವಿ ತಿರುಗಿಸ್ತಾ ಹೋದ್ರೂ ಸ್ವರ ಏರಲ್ಲ, ಆಮೇಲೆ ಟಿಣ್ ಅಂತ ಒಮ್ಮೆಲೇ ಹಾರುತ್ತೆ. ಆ ಟಿಣ್ ಸದ್ದು ಕೇಳಿದ್ರೆ ತಿಳ್ಕೊಳ್ಳಿ, ಗಾಡಿ ಸಣ್ಣದಾಗಿದೆ. ಗಾಡಿ ಅಗಲ ಮಾಡ್ಬೇಕು, ಆಳ ಮಾಡಬಾರದು. ನನ್ನ ಹತ್ರ ಬರೋ ಗಿಟಾರ್‌ಗಳಲ್ಲಿ ನಟ್ ಹಾಳಾಗಿರೋದೆಲ್ಲ ಆಳ ಕೊರೆದೇ.

ಸೆಂಟ್ಸ್:
ತುಂಡಾದ ತಂತಿ ಬಗ್ಗೆ ನಾನು ಹೇಳ್ತೀನಿ, ಆದ್ರೆ ಮೊದಲು ಫ್ರಿಪ್ ಯಾಕೆ ಜಿ ಇಟ್ರು ಅಂತ ಗೊತ್ತಿರೋರು ಬರೀರಿ.

ಮ್ಯೂನಿಕ್_ಕನ್ನಡಿಗ:
ನಾನು ಬರೀತೀನಿ, ನಾಲ್ಕು ವರ್ಷದಿಂದ ಈ ಟ್ಯೂನಿಂಗ್ ಬಿಟ್ಟು ಬೇರೆ ಮುಟ್ಟಿಲ್ಲ.

ಕಿಂಗ್ ಕ್ರಿಮ್ಸನ್ ತಂಡದ ಫ್ರಿಪ್‌ಗೆ ಇದು ಹೊಳೆದದ್ದು 1983ರಲ್ಲಿ. 1985ರಿಂದ ಗಿಟಾರ್ ಕ್ರಾಫ್ಟ್ ಅನ್ನೋ ಶಿಬಿರಗಳಲ್ಲಿ ಕಲಿಸೋಕೆ ಶುರು ಮಾಡಿದ್ರು, ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ. ಮೊದಲ ಯೋಚನೆ ಆರೂ ತಂತಿ ಐದನೇ ಸ್ವರದ ಅಂತರದಲ್ಲಿ ಇರಲಿ ಅಂತ. ಸಿ-ಜಿ-ಡಿ-ಎ-ಇ, ಕೊನೇದು ಬಿ. ಆ ಬಿ-ಗೆ ತಂತಿ ತಡೀಲಿಲ್ಲ. ಅದಕ್ಕೇ ಜಿ-ಗೆ ಇಳಿಸಿದ್ರು. ಅಲ್ಲಿಂದ ಬಂದ ಕ್ಯಾಲಿಫೋರ್ನಿಯಾ ಗಿಟಾರ್ ಟ್ರಿಯೊ ಇದೇ ಟ್ಯೂನಿಂಗ್‌ನಲ್ಲಿ ನುಡಿಸುತ್ತೆ, ಕೇಳಿ.

ಕೆಳಗಿನ ನಾಲ್ಕು ತಂತಿ ಸಿ-ಜಿ-ಡಿ-ಎ ಅಂದ್ರೆ ಚೆಲ್ಲೋ, ಅದೇ ಸ್ಥಾಯಿ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲ. ಬಾಖ್‌ನ ಮೊದಲನೇ ಚೆಲ್ಲೋ ಸೂಟ್‌ನ ಪ್ರೆಲ್ಯೂಡ್ ಶುರುವಾಗೋದು ಹೇಗೆ ಗೊತ್ತಾ: ಐದನೇ ತಂತಿ ಖಾಲಿ, ನಾಲ್ಕನೇದು ಖಾಲಿ, ಮೂರನೇ ತಂತಿಯ ಎರಡನೇ ಫ್ರೆಟ್. ಒಂದೇ ಬೆರಳು. ನಾನು ಮೊದಲ ಸಲ ಅದನ್ನ ಮೀಟಿದಾಗ ರಾತ್ರಿ ಹನ್ನೊಂದು ಗಂಟೆ, ಪಕ್ಕದ ಮನೆಯವರು ಮಲಗಿದಾರೆ ಅಂತ ಹೆಬ್ಬೆರಳಿನ ಚರ್ಮದಲ್ಲಿ ಮೆಲ್ಲಗೆ ಮೀಟಿದ್ದು. ಅವತ್ತಿಂದ ವಾಪಸ್ ಹೋಗಿಲ್ಲ.

ಹೊಸಬ_22:
ಬಿ-ಗೆ ತಡೀಲಿಲ್ಲ ಅಂದ್ರೆ ಇನ್ನೂ ತೆಳು ತಂತಿ ಹಾಕಬಹುದಿತ್ತಲ್ಲ? 8ರದ್ದು ಸಿಗುತ್ತೆ.

ಡಬಲ್‌ಕಿಕ್:
+1, ತೆಳು ಹಾಕಿದ್ರೆ ಆಯ್ತು.

ಸೆಂಟ್ಸ್:
ಇಲ್ಲ, ಎಲ್ಲರೂ ಎಡವೋದು ಇಲ್ಲೇ. ತೆಳು ಮಾಡಿದ್ರೆ ಕೈಗೆ ಬಿಗಿ ಕಮ್ಮಿ ಅನ್ಸುತ್ತೆ, ನಿಜ. ಆದ್ರೆ ಆ ಕಮ್ಮಿ ಬಿಗಿಯನ್ನ ಹೊರೋ ಉಕ್ಕೂ ಅಷ್ಟೇ ಕಮ್ಮಿಯಾಗಿರುತ್ತೆ. ಗೇಜು ಅರ್ಧ ಆದ್ರೆ ಬಿಗಿ ಕಾಲು ಭಾಗ, ಉಕ್ಕಿನ ಅಡ್ಡಕೊಯ್ತವೂ ಕಾಲು ಭಾಗ. ಲೆಕ್ಕ ಸಮ. ಸುತ್ತು ಇಲ್ಲದ ಉಕ್ಕಿನ ತಂತಿ ಯಾವ ಸ್ವರಕ್ಕೆ ತುಂಡಾಗುತ್ತೆ ಅನ್ನೋದು ಹೆಚ್ಚುಕಮ್ಮಿ ಉದ್ದದ ಮೇಲೆ ನಿಂತಿದೆ, ದಪ್ಪದ ಮೇಲಲ್ಲ.

ಪರೀಕ್ಷೆ ಬೇಕಾ? ಗಿಟಾರ್ ಮೊದಲನೇ ತಂತಿ 330 ಹರ್ಟ್ಜ್, ಉದ್ದ 648 ಮಿ.ಮೀ. ಪಾಶ್ಚಾತ್ಯ ಶ್ರುತಿಯ ಪಿಟೀಲಿನ ಮೇಲಿನ ಇ 659 ಹರ್ಟ್ಜ್, ಉದ್ದ ಸುಮಾರು 328. ಎರಡನ್ನೂ ಗುಣಿಸಿ ನೋಡಿ, ಹತ್ತಿರ ಹತ್ತಿರ ಒಂದೇ ಸಂಖ್ಯೆ. ಎರಡು ವಾದ್ಯದವರೂ ತಂತಿಯನ್ನ ಒಂದೇ ಮಟ್ಟಕ್ಕೆ ದುಡಿಸ್ತಿದಾರೆ. ಅದನ್ನ ಗಿಟಾರ್‌ನಲ್ಲಿ ಬಿ-ಗೆ ಏರಿಸಿದ್ರೆ ಉಕ್ಕಿನ ಮೇಲಿನ ಹೊರೆ ಎರಡೂಕಾಲು ಪಟ್ಟು ಆಗುತ್ತೆ. ಜಿ-ಗೆ ಏರಿಸಿದ್ರೆ 1.4 ಪಟ್ಟು. ಹೊಸ ತಂತಿ ಅಷ್ಟನ್ನ ತಡೆಯುತ್ತೆ. ಮೂರು ತಿಂಗಳು ಬೆವರು ಕುಡಿದ ತಂತಿ ತಡೆಯಲ್ಲ. ಮಲೆನಾಡಿನವರಿಗೆ ಆಗಿದ್ದು ಅದು.

ಹೊಸಬ_22:
ಓ. ಹಾಗಾದ್ರೆ ಎರಡನೇ ತಂತಿ ಯಾಕೆ ತುಂಡಾಗಲಿಲ್ಲ? ಅದು ಬಿ-ಯಿಂದ ಇ-ಗೆ ಐದು ಅರ್ಧಸ್ವರ ಏರಿದೆ.

ಸೆಂಟ್ಸ್:
ಅದೇ ತಮಾಷೆ. ಏರಿ ಏರಿ ಬಂದು ನಿಂತಿದ್ದು ಮೊದಲನೇ ತಂತಿಯ ಮಾಮೂಲಿ ಸ್ವರಕ್ಕೆ. ಅಲ್ಲಿ ಉಕ್ಕಿಗೆ ಅಪಾಯ ಇಲ್ಲ. ಆದ್ರೆ 16ರ ತಂತಿ ಆಗಿರೋದ್ರಿಂದ ಬಿಗಿ 78 ಪರ್ಸೆಂಟ್ ಹೆಚ್ಚಾಯ್ತು, ಕೈಗೆ ಸರಳಿನ ಥರ ಅನ್ಸೋದು ಅದಕ್ಕೆ. ಬ್ರಿಜ್‌ಗೂ ಒಳ್ಳೇದಲ್ಲ. 13 ಹಾಕಿ.

ಮ್ಯೂನಿಕ್_ಕನ್ನಡಿಗ:
ನನ್ನ ಸೆಟ್ಟು 11, 13, 22, 32, 46, 56. ಮೂರನೇದು ಸುತ್ತಿರೋ ತಂತಿ.

ಖರ್ಜ_ಧಾರವಾಡ:
ನಮಸ್ಕಾರ್ರೀ. ಗಿಟಾರ್ ನನಗ ಅಷ್ಟು ಬರೂದಿಲ್ಲ, ತಂಬೂರಿ ಹಿಡದು ಕುಂತಾಂವ. ಆದ್ರ ಮಲೆನಾಡಿನವ್ರು ಹೇಳಿದ ಮಾತು ಖರೇ ಅದ. ಗಂಡಸರ ತಂಬೂರಿಯೊಳಗ ಪಂಚಮ, ಎರಡು ಜೋಡಿ ಷಡ್ಜ, ಕಡೀಕ ಖರ್ಜ, ಅಂದ್ರ ಮಂದ್ರ ಷಡ್ಜ. ಬಿಳಿ ಒಂದಕ್ಕ ಆ ಖರ್ಜ ನೀವು ಅಂತೀರಲ್ಲ 65 ಹರ್ಟ್ಜ್, ಅದೇ. ಜೋಡಿ ತಂತಿ ಹೆಂಗರೆ ಇರಲಿ, ಖರ್ಜ ಸರಿ ಕುಂತಿಲ್ಲ ಅಂದ್ರ ಗವಾಯಿ ಹಾಡೂದೇ ಇಲ್ಲ, ನಮ್ಮ ಗುರುಗಳು ಕಣ್ಣು ಮುಚ್ಚಿಕೊಂಡು ಕುಂತಬಿಡ್ತಿದ್ರು ಅದು ಸರಿ ಆಗೂತನಕ.

ಒಂದ ಮಾತು. ಫ್ರೆಟ್ಟಿಗೆ ಬಡೀತದ, ಝಂಯ್ ಅಂತದ ಅಂತ ಯಾಕ ಚಿಂತಿ ಮಾಡ್ತೀರಿ? ತಂಬೂರಿಗೆ ನಾವು ದಾರ ಹಾಕಿ ಜವಾರಿ, ಅಂದ್ರ ಆ ಝೇಂಕಾರ, ಬರಸ್ತೀವಿ. ಹಂಗೇ ಬಿಡ್ರಿ.

ನಟ್_ಫೈಲ್:
ರಾಯರೇ, ಗೌರವದಿಂದಲೇ ಹೇಳ್ತೀನಿ, ಅದು ಬೇರೆ ಇದು ಬೇರೆ. ತಂಬೂರಿಯ ಜವಾರಿ ಹುಟ್ಟೋದು ಬ್ರಿಜ್‌ನ ಮೇಲೆ. ಅಗಲವಾದ, ಸ್ವಲ್ಪ ಉಬ್ಬಿದ ಬ್ರಿಜ್ ಮೇಲೆ ತಂತಿ ಮೆಲ್ಲಗೆ ತಾಗಿ ತಾಗಿ ಬಿಡುತ್ತೆ, ಮೇಲಿನ ಸ್ವರಾಂಶಗಳು ಒಂದೊಂದಾಗಿ ಬಿಚ್ಕೊಳ್ಳುತ್ತೆ. ಗಿಟಾರ್‌ನಲ್ಲಿ ತಂತಿ ಬಡಿಯೋದು ಮಧ್ಯದಲ್ಲಿ, ಗಟ್ಟಿ ಲೋಹದ ಫ್ರೆಟ್‌ಗೆ. ಅದು ನಾದವನ್ನ ಬಿಚ್ಚಲ್ಲ, ಕತ್ತರಿಸುತ್ತೆ.

ಖರ್ಜ_ಧಾರವಾಡ:
ಒಪ್ಪಿದೆ ಬಿಡ್ರಿ. ತಾಗಿ ತಾಗಿ ಬಿಡ್ತದ ಅಂದ್ರಲ್ಲ, ಅದು ಸರಿಯಾದ ಮಾತು.

ಕಡಲತಡಿ_ಚೆಂಡೆ:
ನಮ್ಮ ಯಕ್ಷಗಾನದಲ್ಲಿಯೂ ಬಿಳಿ ಒಂದು, ಕಪ್ಪು ಎರಡು ಅಂತಲೇ ಹೇಳುವುದು ಮಾರಾಯ್ರೆ, ಹಾರ್ಮೋನಿಯಂ ಕೀಲಿ ನೋಡಿ. ಈ "ಮನೆ" ಲೆಕ್ಕ ನನಗೆ ಇವತ್ತಿಗೂ ಗೊಂದಲ. ಒಂದೂವರೆ ಮನೆ ಅಂದರೆ ಕಪ್ಪು ಒಂದಾ?

ನಾಲ್ಕುತಂತಿ:
ಹೌದು, ಸಿ ಶಾರ್ಪ್. ಎರಡು ಮನೆ ಡಿ, ಐದು ಮನೆ ಜಿ.

ಡಬಲ್‌ಕಿಕ್:
ಲೋ ಟ್ಯೂನಿಂಗ್ ಅಂದ್ರೆ ನೆನಪಾಯ್ತು, 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದಾಗ ಯಾರ್ಯಾರು ಇದ್ರಿ? ಮಾರ್ಚ್ 17. ನನಗೆ ಹದಿನಾರು ವರ್ಷ. ಆ ಭಾರ ಎದೆಗೆ ಗುದ್ದಿದ್ದು ಈಗಲೂ ಇದೆ.

ಮ್ಯೂನಿಕ್_ಕನ್ನಡಿಗ:
ನಾನಿದ್ದೆ! ಆದ್ರೆ ಗಮನಿಸು, ಮೇಡನ್ ಹೆಚ್ಚಾಗಿ ಮಾಮೂಲಿ ಇ ಟ್ಯೂನಿಂಗ್‌ನಲ್ಲೇ ನುಡಿಸೋರು. ಭಾರ ಅನ್ನೋದು ಕೆಳಗೆ ಇಳಿಸಿದ್ರೇನೇ ಬರೋದು ಅಂತ ಏನಿಲ್ಲ.

ಡಬಲ್‌ಕಿಕ್:
ಸರಿ, ಬ್ಲ್ಯಾಕ್ ಸಬ್ಬತ್? ಅವರ ಗಿಟಾರಿಸ್ಟ್ ಟೋನಿ ಐಯೊಮಿ 1971ರ ಹೊತ್ತಿಗೆ ಸಿ ಶಾರ್ಪ್‌ಗೆ ಇಳಿಸಿದ್ರು.

ಸೆಂಟ್ಸ್:
ಅವರು ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳ ತುದಿ ಕಳ್ಕೊಂಡಿದ್ರು. ಪ್ಲಾಸ್ಟಿಕ್ ಟೊಪ್ಪಿಗೆ ಹಾಕ್ಕೊಂಡು ನುಡಿಸೋರು, ಸಡಿಲ ತಂತಿ ಆ ಕೈಗೆ ಬೇಕಿತ್ತು. ಆಮೇಲೆ ಇಡೀ ಒಂದು ಸಂಗೀತ ಪ್ರಕಾರ ಆ ಸಡಿಲದ ಮೇಲೆ ಬೆಳೀತು. ಇಲ್ಲಿ ಅಪ್ಪನ ದನಿಗೆ ಬೇಕು ಅಂತ ಇಳಿಸ್ತಿದಾರೆ. ಎರಡೂ ಕಡೆ ದೇಹಕ್ಕೆ ತಕ್ಕಂತೆ ವಾದ್ಯ ಬಗ್ಗಿದ್ದು.

ನಾಲ್ಕುತಂತಿ:
ಮತ್ತೆ ವಿಷಯಕ್ಕೆ ಬರೋಣ. ನಾನು ಮೈಸೂರಲ್ಲಿ ಪಿಟೀಲು ಪಾಠ ಮಾಡ್ತೀನಿ. ಈ ಸಿ-ಜಿ ಜೋಡಿ ನೋಡಿದ ತಕ್ಷಣ ನನಗೆ ಕಂಡಿದ್ದು ಸ-ಪ. ಆರನೇ ತಂತಿ ಷಡ್ಜ, ಐದನೇದು ಪಂಚಮ. ಈಗ ಮಾಯಾಮಾಳವಗೌಳ ಹಾಕಿ ನೋಡಿ. ಆರನೇ ತಂತಿಯಲ್ಲಿ ಸ ರಿ ಗ ಮ: ಖಾಲಿ, 1, 4, 5. ಐದನೇ ತಂತಿಯಲ್ಲಿ ಪ ದ ನಿ ಸ: ಖಾಲಿ, 1, 4, 5. ಎರಡೂ ತಂತಿಯಲ್ಲಿ ಕೈ ಒಂದೇ. ಪೂರ್ವಾಂಗ ಉತ್ತರಾಂಗ ಅಂತ ನಾವು ಬಾಯಲ್ಲಿ ಹೇಳ್ಕೊಡೋದು ಇಲ್ಲಿ ಕಣ್ಣಿಗೆ ಕಾಣುತ್ತೆ. ಸರಳೆ ವರಸೆ ಕಲಿಯೋ ಮಗುವಿಗೆ ಇದಕ್ಕಿಂತ ಒಳ್ಳೇ ನಕ್ಷೆ ಬೇಕಾ?

ಶಂಕರಾಭರಣಕ್ಕೆ ಖಾಲಿ, 2, 4, 5 ಎರಡೂ ಕಡೆ. ಖರಹರಪ್ರಿಯಕ್ಕೆ ಖಾಲಿ, 2, 3, 5. ತೋಡಿಗೆ ಖಾಲಿ, 1, 3, 5. ಶುದ್ಧ ಮಧ್ಯಮದ 36 ಮೇಳಗಳಲ್ಲಿ (ಏಳೂ ಸ್ವರದ ಜನಕ ರಾಗಗಳು) ಹೀಗೆ ಎರಡು ಅಂಗವೂ ಒಂದೇ ಅಚ್ಚಿನಲ್ಲಿರೋದು ಆರು: 1, 8, 15, 22, 29, 36. ಏಳೇಳರ ಅಂತರ. ಈ 36ರಲ್ಲಿ ಮಿಕ್ಕ ಮೇಳಗಳಿಗೂ ಕಷ್ಟ ಇಲ್ಲ, ಈ ಆರು ಅಚ್ಚುಗಳನ್ನೇ ಅದಲು ಬದಲು ಜೋಡಿಸೋದು.

ಮಲೆನಾಡ್_ಆರುತಂತಿ:
ಮೇಡಂ, ಇದನ್ನ ಓದಿ ಗಿಟಾರ್ ತಗೊಂಡು ಅಂಗಳದಲ್ಲೇ ಕೂತುಬಿಟ್ಟೆ. 0-1-4-5, 0-1-4-5. ಹನ್ನೆರಡು ವರ್ಷ ಈ ರಾಗಾನ ಡಬ್ಬಿ ಡಬ್ಬಿಯಾಗಿ ನೆನಪಿಟ್ಕೊಂಡಿದ್ದೆ. ಆದ್ರೆ 1ರಿಂದ 5ಕ್ಕೆ ಕೈ ಹಿಗ್ಗಿಸೋದು ಕಷ್ಟ.

ನಾಲ್ಕುತಂತಿ:
ಅದು ನಿಜ. ಪಿಟೀಲಲ್ಲಿ ಸ-ಮ ಅಂತರ ಎಂಟು ಸೆಂಟಿಮೀಟರ್ ಅಷ್ಟೆ. ನಿಮ್ಮಲ್ಲಿ?

ಸೆಂಟ್ಸ್:
648ರ ಗಿಟಾರ್‌ನಲ್ಲಿ ನಟ್‌ನಿಂದ ಐದನೇ ಫ್ರೆಟ್‌ಗೆ 16 ಸೆಂ.ಮೀ. ಸರಿಯಾಗಿ ಎರಡು ಪಟ್ಟು.

ಮ್ಯೂನಿಕ್_ಕನ್ನಡಿಗ:
ಹಿಗ್ಗಿಸಬೇಡಿ, ಜರುಗಿಸಿ. ತೋರುಬೆರಳು 1ರಲ್ಲಿ ಒತ್ತಿ ಬಿಟ್ಟುಬಿಡಿ, ಇಡೀ ಕೈ ಮುಂದೆ ಹೋಗಲಿ, ಉಂಗುರ ಮತ್ತು ಕಿರುಬೆರಳು 4, 5ಕ್ಕೆ. ಹೆಬ್ಬೆರಳು ಹಿಂದೆ ಸಡಿಲ ಇರಬೇಕು. ನಾನು ಮೊದಲ ಎರಡು ತಿಂಗಳು ಹಿಗ್ಗಿಸೋಕೆ ಹೋಗಿ ಮಣಿಕಟ್ಟು ನೋವು ಮಾಡ್ಕೊಂಡೆ.

ನಾಲ್ಕುತಂತಿ:
ಈಗ ನನ್ನ ತಕರಾರು. ಸಿ-ಜಿ ಆದ್ಮೇಲೆ ಡಿ-ಎ-ಇ ಯಾಕೆ? ಅಪ್ಪನ ಶ್ರುತಿಗೆ ಅದು ರಿ-ದ-ಗ. ಹಿಂದೋಳದಲ್ಲಿ ರಿಷಭವೇ ಇಲ್ಲ. ಮಾಯಾಮಾಳವಗೌಳದಲ್ಲಿ ಇರೋದು ಶುದ್ಧ ರಿಷಭ, ಡಿ ಅಲ್ಲ. ಖಾಲಿ ತಂತಿ ಅಕಸ್ಮಾತ್ ತಾಗಿದ್ರೆ ಅಪಸ್ವರ. ನಮ್ಮ ಪಿಟೀಲನ್ನ ನಾವು ಯಾಕೆ ಸ-ಪ-ಸ-ಪ ಮಾಡ್ಕೊಂಡ್ವಿ? ಪಾಶ್ಚಾತ್ಯರ ಜಿ-ಡಿ-ಎ-ಇ ಹಾಗೇ ಇಟ್ಕೋಬಹುದಿತ್ತಲ್ಲ. ಗಿಟಾರನ್ನೂ ಹಾಗೇ ಮಾಡಿ: ಸಿ-ಜಿ-ಸಿ-ಜಿ-ಸಿ-ಜಿ. ಸ-ಪ-ಸ-ಪ-ಸ-ಪ, ಮೂರು ಸ್ಥಾಯಿ. ಕೆಳಗಿನ ಸಿ ಅಲ್ಲೇ ಇರುತ್ತೆ, ಮೇಲಿನ ಜಿ-ಯೂ ಅಲ್ಲೇ ಇರುತ್ತೆ.

ಮ್ಯೂನಿಕ್_ಕನ್ನಡಿಗ:
ಒಪ್ಪಲ್ಲ. ಹಾಗೆ ಮಾಡಿದ್ರೆ ಈ ಟ್ಯೂನಿಂಗ್‌ನ ಜೀವವೇ ಹೋಯ್ತು. ಮೇಲಿನ ಜಿ ಒಂದು ಬಿಟ್ಟು ಮಿಕ್ಕ ಐದು ತಂತಿ ನಡುವೆ ಒಂದೇ ಅಂತರ ಇರೋದ್ರಿಂದ ಯಾವ ಆಕಾರವನ್ನಾದ್ರೂ ಪಕ್ಕದ ತಂತಿಗೆ ಹಾಗೇ ಒಯ್ಯಬಹುದು. ಸ-ಪ-ಸ ಅಂದ್ರೆ ಒಮ್ಮೆ ಏಳು ಅರ್ಧಸ್ವರ, ಒಮ್ಮೆ ಐದು. ಕಾರ್ಡ್ ಕಟ್ಟೋಕೆ ಹೋದ್ರೆ ತಲೆ ಕೆಡುತ್ತೆ.

ನಾಲ್ಕುತಂತಿ:
ಕಾರ್ಡ್ ಯಾರಿಗೆ ಬೇಕು? ಅವರಪ್ಪ ಹಾಡ್ತಿರೋದು ದೇವರನಾಮ.

ಮ್ಯೂನಿಕ್_ಕನ್ನಡಿಗ:
ಅಪ್ಪ ಹಾಡದ ಹೊತ್ತಲ್ಲಿ ಅವರು ಬೇರೇನೂ ನುಡಿಸಬಾರದಾ?

ಹೊಸಬ_22:
ಮ್ಯಾಂಡೋಲಿನ್ ಕೂಡ ಪಿಟೀಲಿನ ಥರಾನೇ ಅಲ್ವಾ? ಯು. ಶ್ರೀನಿವಾಸ್ ನುಡಿಸಿದ್ದು ಕೇಳಿದೀನಿ.

ನಾಲ್ಕುತಂತಿ:
ಮ್ಯಾಂಡೋಲಿನ್ ಹುಟ್ಟಿದ್ದು ಜೋಡಿ ತಂತಿಯಲ್ಲಿ. ಶ್ರೀನಿವಾಸ್ ಐದು ಒಂಟಿ ತಂತಿಯ ಎಲೆಕ್ಟ್ರಿಕ್ ಮಾಡ್ಕೊಂಡ್ರು. ಜೋಡಿ ತಂತಿ ಎಳೆದು ಗಮಕ ಮಾಡೋದು ಎಷ್ಟು ಕಷ್ಟ ಅಂತ ಯೋಚಿಸಿ. ಜಾನ್ ಮೆಕ್‌ಲಾಫ್ಲಿನ್ ಶಕ್ತಿ ತಂಡದಲ್ಲಿದ್ದಾಗ ಗಿಟಾರ್‌ನ ಫ್ರೆಟ್ ನಡುವಿನ ಮರವನ್ನೇ ಕೆತ್ತಿಸಿದ್ರು, ಬೆರಳು ಒಳಗೆ ಇಳೀಲಿ ಅಂತ. ನಮ್ಮ ಸಂಗೀತ ಮುಟ್ಟಿದವರು ಯಾರೂ ವಾದ್ಯವನ್ನ ಇದ್ದ ಹಾಗೇ ಬಿಟ್ಟಿಲ್ಲ. ಅದಕ್ಕೇ ಹೇಳ್ತಿರೋದು, ಫ್ರಿಪ್ ಅವರದ್ದನ್ನೂ ಇದ್ದ ಹಾಗೇ ತಗೋಬೇಕಿಲ್ಲ.

ಸೆಂಟ್ಸ್:
ಮೇಡಂ ಪರವಾಗಿ ಇನ್ನೊಂದು ಅಂಶ. ಸಿ-ಯಿಂದ ಶುದ್ಧ ಪಂಚಮಗಳನ್ನ ನಾಲ್ಕು ಸಲ ಏರಿದ್ರೆ ಇ ಸಿಗುತ್ತೆ. ಆ ಇ ತಂಬೂರಿಯ ತಂತಿಯೊಳಗೆ ತಾನಾಗೇ ಕೇಳೋ ಅಂತರ ಗಾಂಧಾರಕ್ಕಿಂತ ಸುಮಾರು 22 ಸೆಂಟ್ (ಅರ್ಧಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಜಾಸ್ತಿ. ಟ್ಯೂನರ್ ನೋಡಿ ಮಾಡಿದ್ರೂ 14 ಸೆಂಟ್ ಜಾಸ್ತಿ. ತಂಬೂರಿ ಆನ್ ಇದ್ದಾಗ ಖಾಲಿ ಇ ತಂತಿ ಮೀಟಿ, ಚುಚ್ಚುತ್ತೆ. ಸ-ಪ ಮಾತ್ರ ಇದ್ರೆ ಈ ಜಗಳವೇ ಇಲ್ಲ. ಟ್ಯೂನರ್‌ನ ಪಂಚಮಕ್ಕೂ ಶುದ್ಧ ಪಂಚಮಕ್ಕೂ ವ್ಯತ್ಯಾಸ 2 ಸೆಂಟ್ ಅಷ್ಟೆ, ಕಿವಿಯಲ್ಲೇ ಅಲೆ ನಿಲ್ಲೋವರೆಗೆ ಸರಿ ಮಾಡ್ಕೋಬಹುದು.

ಮ್ಯೂನಿಕ್_ಕನ್ನಡಿಗ:
ತಂಬೂರಿ ಜೊತೆಗೆ ನಾನು ಯಾವತ್ತೂ ನುಡಿಸಿಲ್ಲ. ಇವತ್ತು ಸಂಜೆ ಆ್ಯಪ್ ಹಾಕ್ಕೊಂಡು ನೋಡ್ತೀನಿ.

ನಟ್_ಫೈಲ್:
ಸ-ಪ-ಸ-ಪ-ಸ-ಪ ಬಿಗಿ ಲೆಕ್ಕ ಹಾಕಿದೆ, ನನಗೇ ಖುಷಿಯಾಯ್ತು. ಮೂರನೇ ತಂತಿ ಜಿ, ಇದ್ದ ಹಾಗೇ. ಎರಡನೇದು ಬಿ-ಯಿಂದ ಸಿ, ಅರ್ಧಸ್ವರ ಅಷ್ಟೆ, 12 ಪರ್ಸೆಂಟ್ ಹೆಚ್ಚು. ನಾಲ್ಕು ಮತ್ತು ಐದು ಒಂದೊಂದು ಸ್ವರ ಕೆಳಗೆ, 20 ಪರ್ಸೆಂಟ್ ಕಮ್ಮಿ, ಪರವಾಗಿಲ್ಲ. ಆರನೇದಕ್ಕೆ 58. ಮೊದಲನೇದಕ್ಕೆ 12ರ ಬದಲು 10. 10ರ ತಂತಿ ಜಿ-ಯಲ್ಲಿ ಎಷ್ಟು ಬಿಗಿ ಇರುತ್ತೋ 12ರ ತಂತಿ ಇ-ಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಅಂದ್ರೆ ಮಾಮೂಲಿ ಸೆಟ್ಟಲ್ಲಿ ಎರಡೇ ತಂತಿ ಬದಲಾಯಿಸಿದ್ರೆ ಸಾಕು. ಫ್ರಿಪ್ ಟ್ಯೂನಿಂಗ್‌ಗೆ ಐದು ಬದಲಾಯಿಸಬೇಕು.

ಇನ್ನೊಂದು, ಒಟ್ಟು ಬಿಗಿ ಕಮ್ಮಿ ಆದಾಗ ಕತ್ತಿನೊಳಗೆ ಅದನ್ನ ನೇರ ಹಿಡಿಯೋ ಕಂಬಿ, ಟ್ರಸ್ ರಾಡ್, ಗೆಲ್ಲುತ್ತೆ, ಕತ್ತು ಹಿಂದಕ್ಕೆ ಬಾಗುತ್ತೆ, ಮೊದಲ ಫ್ರೆಟ್‌ಗಳಲ್ಲಿ ಝಿರ್ ಅನ್ನುತ್ತೆ. ತಂತಿ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಮೊದಲನೇ ಫ್ರೆಟ್ ಮತ್ತು ಕತ್ತು ಪೆಟ್ಟಿಗೆಗೆ ಸೇರೋ ಫ್ರೆಟ್ ಒಟ್ಟಿಗೆ ಒತ್ತಿ ಏಳನೇ ಫ್ರೆಟ್ ಹತ್ರ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ನುಸುಳೋಷ್ಟು ಸಂದು ಇರಬೇಕು. ಇಲ್ಲದಿದ್ರೆ ರಾಡನ್ನ ಎಡಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಒಂದೇ ಸಲ ಬೇಡ.

ಡಬಲ್‌ಕಿಕ್:
ಇಷ್ಟೆಲ್ಲ ಕಸರತ್ತಿಗಿಂತ ಬ್ಯಾರಿಟೋನ್ ಗಿಟಾರ್ ತಗೋಬಹುದಲ್ಲ? 27 ಇಂಚಿಂದ 30 ಇಂಚು ಉದ್ದ ಇರುತ್ತೆ, ಕೆಳಗಿನ ಬಿ, ಎ ಎಲ್ಲ ಗಟ್ಟಿಯಾಗಿ ಬರುತ್ತೆ. ನಾನು ನುಡಿಸಿದೀನಿ, ಚೆನ್ನಾಗಿದೆ.

ಸೆಂಟ್ಸ್:
ಉದ್ದ ಜಾಸ್ತಿ ಆದ್ರೆ ಮೇಲಿನ ಜಿ ತುಂಡಾಗುತ್ತೆ. ಮೇಲೆ ಬರೆದ ಗುಣಾಕಾರ ಮತ್ತೆ ನೋಡು.

ಡಬಲ್‌ಕಿಕ್:
ಹೌದಲ್ಲ. ಸರಿ.

ಮಲೆನಾಡ್_ಆರುತಂತಿ:
ಹತ್ತು ದಿನ ಆಯ್ತು, ವರದಿ ಕೊಡ್ತೀನಿ. ಪೇಟೆಯ ಒಂದು ಅಂಗಡೀಲಿ ಬಿಡಿ ತಂತಿ 58 ಸಿಗಲಿಲ್ಲ, 56 ಸಿಕ್ತು. ನಟ್ ಗಾಡಿ ಅಗಲ ಮಾಡಿಕೊಡ್ತೀವಿ ಅಂದ್ರು, ನಟ್_ಫೈಲ್ ಸಾರ್ ಮಾತು ನೆನಪಿತ್ತು, "ಆಳ ಬೇಡ" ಅಂತ ಮೂರು ಸಲ ಹೇಳಿ ಪಕ್ಕದಲ್ಲೇ ನಿಂತಿದ್ದೆ. ಸರಿಯಾಗಿ ಮಾಡಿದ್ರು.

ಸಿ-ಜಿ-ಸಿ-ಜಿ-ಸಿ-ಜಿ ಮಾಡಿದೆ. ಒಂದು ವಿಚಿತ್ರ: ಟ್ಯೂನರ್ ಕ್ಲಿಪ್ ಆರನೇ ತಂತಿಯನ್ನ ಒಮ್ಮೆ ಸಿ ಅನ್ನುತ್ತೆ, ಒಮ್ಮೆ ಜಿ ಅನ್ನುತ್ತೆ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿದ್ರೆ ಆ ಮಂದ್ರ ಬರೋದೇ ಇಲ್ಲ.

ಸೆಂಟ್ಸ್:
ಫೋನಿನ ಸ್ಪೀಕರ್‌ಗೆ 65 ಹರ್ಟ್ಜ್ ನುಡಿಸೋ ಶಕ್ತಿ ಇಲ್ಲ. ಗಿಟಾರ್ ಪೆಟ್ಟಿಗೆಗೂ ಕಷ್ಟಾನೇ. ಡ್ರೆಡ್‌ನಾಟ್ ಅನ್ನೋ ದೊಡ್ಡ ಗಿಟಾರ್ ಪೆಟ್ಟಿಗೆಯೊಳಗಿನ ಗಾಳಿ ಮೊಳಗೋದು 100 ಹರ್ಟ್ಜ್ ಆಸುಪಾಸು, ಅದಕ್ಕಿಂತ ಕೆಳಗೆ ಸದ್ದು ಬೇಗ ಸೊರಗುತ್ತೆ. ನೀವು ಸಿ ಅಂತ ಕೇಳ್ತಿರೋದು ಬಹುಪಾಲು ಅದರ ಮೇಲಿನ ಸ್ವರಾಂಶಗಳನ್ನ, 131, 196, 262. ಮೂಲ ಸ್ವರವನ್ನ ಕಿವಿ ತಾನೇ ಕಟ್ಟಿಕೊಳ್ಳುತ್ತೆ. ಟ್ಯೂನರ್ ಜಿ ಅಂತ ತೋರಿಸಿದ್ದು ಆ 196. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಹಾರ್ಮೋನಿಕ್ ಮೀಟಿ, ಟ್ಯೂನರ್ ತಕ್ಷಣ ಹಿಡಿಯುತ್ತೆ.

ಮ್ಯೂನಿಕ್_ಕನ್ನಡಿಗ:
ನಾನೂ ಹೇಳಬೇಕು. ತಂಬೂರಿ ಆ್ಯಪ್ ಹಾಕಿ ನನ್ನ ಟ್ಯೂನಿಂಗ್‌ನಲ್ಲಿ ಕೂತೆ. ಸಿ, ಜಿ, ಡಿ ತನಕ ನೆಮ್ಮದಿ. ಖಾಲಿ ಇ ಬಂದ ಕೂಡಲೇ ಸೆಂಟ್ಸ್ ಹೇಳಿದ ಚುಚ್ಚು ಕೇಳಿಸ್ತು. ನಾಲ್ಕು ವರ್ಷ ಕೇಳಿಸಿರಲಿಲ್ಲ. ಇ ತಂತಿಯನ್ನ 14 ಸೆಂಟ್ ಇಳಿಸಿದೆ, ಗಾಂಧಾರ ಹಾಲಿನ ಹಾಗಾಯ್ತು, ಆದ್ರೆ ಆ ತಂತಿಯ ಮಿಕ್ಕ ಫ್ರೆಟ್‌ಗಳೆಲ್ಲ ಕೆಳಗಾಯ್ತು. ಬಾಖ್‌ಗೆ ನನ್ನದೇ ಟ್ಯೂನಿಂಗ್ ಸರಿ, ಅದನ್ನ ಬಿಡಲ್ಲ. ಶ್ರುತಿ ಹಿಡಿದು ನುಡಿಸೋರಿಗೆ ಮೇಡಂ ಹೇಳಿದ್ದು ಸರಿ.

ನಾಲ್ಕುತಂತಿ:
ಕೇಳಿ ನೋಡಿ ಹೇಳಿದ್ರಲ್ಲ, ಅದು ದೊಡ್ಡದು. ಮಲೆನಾಡಿನವರೇ, ಹಿಂದೋಳಕ್ಕೆ ಪಂಚಮ ಇಲ್ಲ, ನೆನಪಿರಲಿ. ಅದಕ್ಕೆ ಮೂರು ಜಿ ತಂತೀನೂ ಎಫ್‌ಗೆ ಇಳಿಸಿ, ಸ-ಮ-ಸ-ಮ-ಸ-ಮ ಆಗುತ್ತೆ.

ಖರ್ಜ_ಧಾರವಾಡ:
ಮಾಲಕಂಸಕ್ಕ, ಅಂದ್ರ ನಿಮ್ಮ ಹಿಂದೋಳಕ್ಕ, ನಾವೂ ತಂಬೂರಿ ಪಂಚಮ ತಂತಿ ಮಧ್ಯಮಕ್ಕ ಇಳಸ್ತೀವ್ರಿ. ಎಲ್ಲಾ ಒಂದೇ.

ಮಲೆನಾಡ್_ಆರುತಂತಿ:
ನಿನ್ನೆ ಸಂಜೆ ಅಪ್ಪನ ಜೊತೆ ಕೂತೆ. ನಾನು ಏನೂ ಹೇಳಿರಲಿಲ್ಲ. ಮಳೆ ಹಿಡಿದಿತ್ತು, ಕರೆಂಟಿಲ್ಲ, ಹಾಗಾಗಿ ತಂಬೂರಿ ಪೆಟ್ಟಿಗೇನೂ ಇಲ್ಲ. ಐದು, ನಾಲ್ಕು, ನಾಲ್ಕು, ಆರು, ತಂಬೂರಿ ಮೀಟಿದ ಹಾಗೇ ಪ-ಸ-ಸ-ಸ ಸುಮ್ಮನೆ ಮೀಟ್ತಾ ಹೋದೆ. ಬೇರೇನೂ ನುಡಿಸಲಿಲ್ಲ. ಅಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, ಷಡ್ಜ ಹಿಡಿದ್ರು. ಈಚೆಗೆ ಅವರು ಮಂದ್ರ ಪಂಚಮಕ್ಕೆ ಇಳಿದಾಗ ದನಿ ಅಲ್ಲಾಡ್ತಿತ್ತು. ನಿನ್ನೆ ಅಲ್ಲಿ ಹೋಗಿ ನಿಂತ್ರು. ನಿಂತೇ ಇದ್ರು.

ಹಾಡು ಮುಗಿದ ಮೇಲೆ "ಆ ಕೆಳಗಿನ ತಂತಿ ಯಾವಾಗ ಹಾಕಿಸ್ದೆ?" ಅಂತ ಕೇಳಿದ್ರು.

ಒಂದೇ ಸಮಸ್ಯೆ ಉಳಿದಿದೆ. ದನಿ ಚೆನ್ನಾಗಿರೋ ದಿನ ಅವರು ಒಂದೂವರೆಗೆ ಏರ್ತಾರೆ.

ಹೊಸಬ_22:
ಮೊದಲನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತೀನೂ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ ಅಣ್ಣಾ.

ನಟ್_ಫೈಲ್:
ಕ್ಯಾಪೊ ಸರಿ. ಆದ್ರೆ ದಪ್ಪ ತಂತಿಯನ್ನ ಅದು ಜಾಸ್ತಿ ಒತ್ತುತ್ತೆ, ಆರನೇದು ಸ್ವಲ್ಪ ಏರಿರುತ್ತೆ. ಹಾಕಿದ ಮೇಲೆ ಆರನೇ ತಂತಿ ಮತ್ತೆ ಕೂಡಿಸಿ.

ಹೊಸಬ_22:
ನಾನೂ ಮಾಡ್ಬೇಕು ಅಂತಿದೀನಿ. ನಿಮ್ಮ ಈಗಿನ ಆರೂ ತಂತಿ ಗೇಜು ಒಮ್ಮೆ ಬರೀತೀರಾ?

ಮಲೆನಾಡ್_ಆರುತಂತಿ:
10, 16, 24, 32, 42, 56. ನಡುವಿನ ನಾಲ್ಕು ಹಳೇ ಸೆಟ್ಟಿನವೇ. 58 ಸಿಕ್ಕಿದ್ರೆ ಹಾಕಿ, 56 ಜೋರಾಗಿ ಮೀಟಿದ್ರೆ ಈಗಲೂ ಸ್ವಲ್ಪ ಬಡಿಯುತ್ತೆ.